ಆಸರಿಗೆ ಬೇಡವೆಂದ ಅಕ್ಕೋರು

ಹೋದ ತಿಂಗಳು ಡಾಕ್ಟರು ನನಗೂ ಅದೇ ಮಾತು ಹೇಳಿದರು. "ಒಳ್ಳೇದು ತಿಂದರಷ್ಟೇ ಸಾಲದು ಮೇಡಂ, ನಡೀಬೇಕು." ನಾನು ನಕ್ಕುಬಿಟ್ಟೆ. ಅವರಿಗೆ ಬೇಜಾರಾಯಿತೋ ಏನೋ, ಮತ್ತೊಮ್ಮೆ ಬಿಡಿಸಿ ಹೇಳಿದರು. ಆದರೆ ನಾನು ನಕ್ಕದ್ದು ಅವರನ್ನು ಕಂಡು ಅಲ್ಲ. ಇದೇ ಕಾರವಾರದಲ್ಲಿ, ಇಂಥದೇ ಒಂದು ಸಣ್ಣ ಕೋಣೆಯಲ್ಲಿ, ಇದೇ ಮಾತು ಕೇಳಿಸಿಕೊಂಡ ಒಬ್ಬರು ಕುರ್ಚಿಯಿಂದ ಎದ್ದು, ಸೆರಗು ಸರಿಮಾಡಿಕೊಂಡು, "ಹಂಗಾದ್ರೆ ನಾ ಇಷ್ಟು ದಿವಸ ತಿಂದದ್ದು ಒಳ್ಳೇದಲ್ವಾ? ನೀವೇ ಹೇಳಿ" ಎಂದು ಮಗ್ಗಿ ತಪ್ಪಿದ ಹುಡುಗನನ್ನು ಕೇಳಿದ ಹಾಗೆ ಡಾಕ್ಟರನ್ನೇ ಕೇಳಿದ್ದು ಕಣ್ಣೆದುರಿಗೆ ಬಂತು.

ಅವರು ತೀರಿಕೊಂಡು ಈ ಮಳೆಗಾಲಕ್ಕೆ ಎರಡು ವರ್ಷ. ಹೆಸರು ಬರೆಯುವುದಿಲ್ಲ. ಬರೆದರೆ, "ನನ್ನ ಸುದ್ದಿ ಬರ್ಕಂಡು ಕೂರೂಕೆ ನಿನಗೆ ಬೇರೆ ಕೆಲ್ಸ ಇಲ್ವಾ ತಂಗಿ?" ಎಂದು ಎಲ್ಲಿದ್ದರೂ ಬೈದಾರು.

ಶಾಲೆ ಕಲಿಸುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಎಂದೇ ಕರೆಯುವುದು. ಅವರು ಮುಖ್ಯಾಧ್ಯಾಪಕಿ, ಹಾಗಾಗಿ ದೊಡ್ಡಕ್ಕೋರು. ನಾನು ಸಣ್ಣಕ್ಕೋರು. ಹೆದ್ದಾರಿಯಲ್ಲಿ ಹಾರವಾಡ ದಾಟಿ ಕಾರವಾರದ ಕಡೆ ಬರುವಾಗ ಎಡಕ್ಕೆ ಇಳಿದರೆ ಕಡಲ ಬದಿಗೆ ಒಂದು ಊರು; ಆ ಊರಿನ ಪ್ರಾಥಮಿಕ ಶಾಲೆ ನಮ್ಮದು. ಮೀನು ಹಿಡಿಯುವವರ ಮಕ್ಕಳೇ ಹೆಚ್ಚು. ಅವರು ಅಂಕೋಲೆಯಿಂದ ಬರುತ್ತಿದ್ದರು, ನಾನು ಕಾರವಾರದಿಂದ. ಬೇರೆ ಬೇರೆ ದಿಕ್ಕಿನಿಂದ ಬಂದ ಎರಡು ಬಸ್ಸು ಇಳಿದು, ಹೆದ್ದಾರಿಯಲ್ಲೇ ಸೇರಿ, ಒಂದೇ ರಿಕ್ಷಾ ಹತ್ತಿ ಶಾಲೆಗೆ ಹೋಗುವುದು.

ಒಮ್ಮೆ ಮೀಟಿಂಗಿಗೆಂದು ಇಬ್ಬರೂ ಒಟ್ಟಿಗೆ ಬಸ್ಸಿನಲ್ಲಿ ಹೋಗುವಾಗ ಕಂಡಕ್ಟರ್ ಹುಡುಗ, ಅವರದೇ ಹಳೇ ವಿದ್ಯಾರ್ಥಿ, ಸಲಿಗೆಯಿಂದ ಕೇಳಿದ: "ಅಕ್ಕೋರೆ, ನಿಮ್ಗೆ ಎರಡು ಟಿಕೆಟ್ ಹರೀಲಾ?"

"ಹರಿಯೋ. ಆದ್ರೆ ಬಗಲಿಗೆ ಯಾರನ್ನೂ ಕೂರ್ಸ್ಬೇಡ. ನಾಲ್ಕನೇ ಇಯತ್ತೆಲಿ ನೀ ಭಾಗಾಕಾರ ತಪ್ಪಿಸ್ತಿದ್ದೆ, ಈಗ ಗುಣಾಕಾರ ಚಲೋ ಮಾಡ್ತೀಯಲ್ಲ."

ಬಸ್ಸಿಗೆ ಬಸ್ಸೇ ನಕ್ಕಿತು. ಅವರ ಮೈ ಬಗ್ಗೆ ಬೇರೆಯವರು ಮಾತಾಡುವ ಮೊದಲೇ ಅವರೇ ಒಂದು ತಮಾಷೆ ತಯಾರು ಇಟ್ಟಿರುತ್ತಿದ್ದರು.

ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಸಾಲಿನ ಉದ್ದಕ್ಕೂ ನಡೆದು ಒಂದೊಂದು ಮುಖ ನೋಡುವುದು ಅವರ ರೂಢಿ. ಉಗುರು ನೋಡುತ್ತಾರೆ ಎಂದು ನಾನು ಮೊದಮೊದಲು ತಿಳಿದಿದ್ದೆ. ಅವರು ಕೇಳುತ್ತಿದ್ದದ್ದು, "ಎಂತ ತಿಂದ್ಕಂಡು ಬಂದ್ಯೋ?" ಬರೀ ಚಾ ಎಂದ ಮಗುವನ್ನು ಹೆಗಲು ಹಿಡಿದು ಆಫೀಸು ಕೋಣೆಗೆ ಕರೆದೊಯ್ದು, ಕಪಾಟಿನ ಡಬ್ಬದಿಂದ ಅವಲಕ್ಕಿ ಬೆಲ್ಲ ಕೊಟ್ಟು, ಅದು ತಿಂದು ಮುಗಿಸುವವರೆಗೆ ಎದುರಿಗೇ ನಿಲ್ಲುವರು. "ಹಸ್ಕಂಡವರ ಎದುರಿಗೆ ನನಗೆ ಪಾಠ ನೆನಪೇ ಆಗೂದಿಲ್ಲ ತಂಗಿ" ಎನ್ನುತ್ತಿದ್ದರು.

ಬಿಸಿಯೂಟ ಶುರುವಾದಾಗ ಅವರಷ್ಟು ಖುಷಿಪಟ್ಟವರನ್ನು ನಾನು ಕಂಡಿಲ್ಲ. ಆದರೆ ಮೊದಲ ವರ್ಷ ಸಲೀಸಾಗಲಿಲ್ಲ. ಅಡುಗೆಗೆ ಬಂದವಳು ಮಾದೇವಿ. ಊರ ಆಚೆ ಬದಿಯ ಬೇರೆ ಕೇರಿಯವಳು. ಬಾಯಿ ಬಿಟ್ಟು ಯಾರೂ ಏನೂ ಹೇಳಲಿಲ್ಲ. ಆದರೆ ಹತ್ತಾರು ಮಕ್ಕಳು ಮಧ್ಯಾಹ್ನದ ಹೊತ್ತಿಗೆ ಸರಿಯಾಗಿ ಹೊಟ್ಟೆನೋವೆಂದು ಮನೆಗೆ ಓಡತೊಡಗಿದವು. ಅವುಗಳಲ್ಲಿ ಶೇವಂತಿಯ ಮಗಳೂ ಒಂದು. ಶೇವಂತಿ ಅಂದರೆ ಮೀನು ಒಣಗಿಸಿ ಮಾರುವವಳು, ಊರ ಹೆಂಗಸರಿಗೆಲ್ಲ ಮುಂದಾಳು. ಅವಳು ತಿರುಗಿದ ಕಡೆಗೇ ಉಳಿದ ತಾಯಂದಿರೂ ತಿರುಗುವುದು.

ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಬೇಕೆಂಬ ನಿಯಮವಿತ್ತು. ನಾನಾದರೆ ಒಂದು ಚಮಚ ಬಾಯಿಗೆ ಹಾಕಿ ಸಹಿ ಮಾಡುತ್ತಿದ್ದೆ. ದೊಡ್ಡಕ್ಕೋರು ಹಾಗೆ ಮಾಡಲಿಲ್ಲ. ಶಾಲೆಯ ಜಗುಲಿಯಲ್ಲಿ, ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುವ ಹಾಗೆ ಮಣೆ ಹಾಕಿ ಕುಳಿತು, "ಬಡ್ಸು ಮಾದೇವಿ" ಎಂದು ತಟ್ಟೆ ತುಂಬ ಹಾಕಿಸಿಕೊಂಡು, ನಿಧಾನಕ್ಕೆ, ಬೆರಳು ನೆಕ್ಕಿ ಉಂಡರು. ಮರುದಿನವೂ ಉಂಡರು. ವರ್ಷವಿಡೀ ಉಂಡರು. ಹೊಟ್ಟೆನೋವಿನ ಮಕ್ಕಳು ಒಂದೊಂದಾಗಿ ಸಾಲಿಗೆ ಬಂದು ಕೂತವು. ಶೇವಂತಿಯೂ ಒಂದು ದಿನ ಬೇಲಿಯ ಆಚೆ ನಿಂತು ನೋಡಿ, "ಅಕ್ಕೋರೇ ಉಂಬ್ತಾರೆ ಅಂದ್ಮೇಲೆ ನಮ್ದೆಂತ" ಎಂದು ಹೋದಳು. ಆ ಮೇಲೆ ಆ ತಟ್ಟೆ ನಿಲ್ಲಲಿಲ್ಲ. ಅದು ಊಟ ಎಂದು ಅವರು ಯಾವತ್ತೂ ಲೆಕ್ಕಕ್ಕೇ ಹಿಡಿದಿರಲಿಲ್ಲ. ಊಟದ ಡಬ್ಬಿ ಮನೆಯಿಂದ ಬೇರೆ ಬರುತ್ತಿತ್ತು.

ಇದೆಲ್ಲ ಆಗಿ ಎರಡು ವರ್ಷಕ್ಕೋ ಏನೋ, ಜೂನ್ ತಿಂಗಳಲ್ಲಿ, ಶಾಲೆ ಶುರುವಾದ ವಾರದಲ್ಲೇ ಅವರು ರಜೆ ಹಾಕಿ ಮಂಗಳೂರು ಕಡೆಯ ದೊಡ್ಡಾಸ್ಪತ್ರೆಗೆ ಹೋಗಿಬಂದರು. ಬಂದ ದಿನ ರಿಕ್ಷಾದಲ್ಲಿ ನನಗೊಬ್ಬಳಿಗೇ ಹೇಳಿದರು.

ಅವರಿಗೆ ಇದ್ದವನು ಒಬ್ಬ ತಮ್ಮ. ಮಲ್ಲಾಪುರದ ಕಾಲೋನಿಯಲ್ಲಿ ಕೆಲಸ, ಅಲ್ಲೇ ಕ್ವಾರ್ಟರ್ಸು, ಹೆಂಡತಿ, ಸಣ್ಣ ಮಗಳು. ಅಕ್ಕನಿಗಿಂತ ಬಹಳ ಚಿಕ್ಕವನು. ತಾಯಿ ಹೋದಾಗ ಅವನು ಮೂರನೇ ಇಯತ್ತೆ. ಇವರಿಗೆ ಆಗಷ್ಟೇ ನೌಕರಿ ಸಿಕ್ಕಿತ್ತು. ಇವರ ಕ್ಲಾಸಿನಲ್ಲೇ ಕೂತು ಕಲಿತವನು. ಶಾಲೆಯಲ್ಲಿ ಅಕ್ಕೋರೆ ಅನ್ನಬೇಕು, ಮನೆಯಲ್ಲಿ ಅಕ್ಕ ಅನ್ನಬೇಕು. ಒಮ್ಮೆ ಮನೆಯಲ್ಲಿ ಜ್ವರದ ಮಂಪರಿನಲ್ಲಿ "ಅಕ್ಕೋರೆ, ನೀರು" ಅಂದಿದ್ದನಂತೆ. ಅದನ್ನು ಹೇಳಿ ಅವರು ಎಷ್ಟು ಸಲ ನಗುತ್ತಿದ್ದರೋ. ಮದುವೆಯ ಮಾತು ಬಂದಾಗೆಲ್ಲ, "ಈ ಹುಡುಗ ಒಂದು ದಡ ಸೇರ್ಲಿ" ಎಂದು ಮುಂದೆ ಹಾಕಿದವರು, ಆಮೇಲೆ ಅದನ್ನು ಮರೆತೇಬಿಟ್ಟವರು.

ಆ ತಮ್ಮನ ಎರಡೂ ಕಿಡ್ನಿ ಕೆಟ್ಟಿದ್ದವು. ವಾರಕ್ಕೆರಡು ಸಲ ರಕ್ತ ತೊಳೆಸುತ್ತಿದ್ದರು. ಹೆಂಡತಿಯ ರಕ್ತ ಹೊಂದಲಿಲ್ಲ. ಅಕ್ಕನದು ಹೊಂದಿತು.

"ಹಂಗಾದ್ರೆ ಇವತ್ತೇ ತಗಳ್ಳಿ ಅಂದೆ" ಎಂದರು ದೊಡ್ಡಕ್ಕೋರು. "ಡಾಕ್ಟ್ರು ನನ್ನ ಮೇಲಿಂದ ಕೆಳಗೆ ನೋಡಿದ್ರು. ಈ ತೂಕದಲ್ಲಿ ಕೊಯ್ದ್ರೆ ನಿಮ್ಗೇ ಅಪಾಯ, ಬೀಪೀನೂ ಗಡಿ ಮೇಲೆ ಅದೆ, ಹನ್ನೊಂದು ಹನ್ನೆರಡು ಕೇಜಿ ಇಳ್ಸ್ಕಂಡು ಬನ್ನಿ, ಆಮೇಲೆ ನೋಡ್ವ ಅಂದ್ರು. ಕಿಡ್ನಿ ಎಷ್ಟು ದೊಡ್ಡದಿರ್ತದೆ ಅಂತ ಅಲ್ಲಿ ನರ್ಸನ್ನ ಕೇಳಿದೆ. ಕೈ ಮಡಚಿ ತೋರಿಸ್ತು. ಒಂದು ಬಂಗಡೆ ಮೀನಿನಷ್ಟು ತಂಗಿ! ಕೊಡೂದು ಒಂದು ಬಂಗಡೆ. ಅದಕ್ಕೆ ನಾ ಅರ್ಧ ಮೂಟೆ ಇಳಿಸ್ಬೇಕಂತೆ."

ನಗುತ್ತಲೇ ಹೇಳಿದರು. ಆದರೆ ರಿಕ್ಷಾ ಇಳಿದವರು ದುಡ್ಡು ಕೊಡುವುದನ್ನೇ ಮರೆತು ಶಾಲೆಯ ಕಡೆ ನಡೆದರು.

ಯಾರಿಗೂ ಹೇಳಬಾರದೆಂದು ನನಗೆ ತಾಕೀತು. ಯಾಕೆಂದರೆ ಹೇಳಿದರೆ ಊರಿಗೆ ಊರೇ ಬಂದು ಬೇಡ ಅನ್ನುತ್ತದೆ, ಒಂದು ಕಿಡ್ನಿ ಕೊಟ್ಟವರು ಬದುಕುವುದಿಲ್ಲ ಎಂದು ಹೆದರಿಸುತ್ತದೆ. "ಮತ್ತೆ, ಕೊಡೂದಕ್ಕೆ ಮುಂಚೆ ಕೊಡ್ತೆ ಕೊಡ್ತೆ ಹೇಳ್ಕಂಡು ತಿರುಗೂದು ಚಂದ ಅಲ್ಲ."

ಅವತ್ತಿನಿಂದ ಅವರ ಪಥ್ಯ ಶುರು. ಅವರದೊಂದು ಗಟ್ಟಿ ನಂಬಿಕೆಯಿತ್ತು: ದೇಹ ಕೆಡುವುದು ಕೆಟ್ಟದ್ದು ತಿಂದು, ಹಾಗಾಗಿ ಒಳ್ಳೆಯದು ತಿಂದರೆ ತಾನಾಗಿ ಸರಿಹೋಗಬೇಕು. ಕರಿದದ್ದು ಬಿಟ್ಟರು. ಸಕ್ಕರೆ ಬಿಟ್ಟರು. ಬೆಳಿಗ್ಗೆ ರಾಗಿ ಅಂಬಲಿ. ಡಬ್ಬಿಯಲ್ಲಿ ಮೊಳಕೆ ಹೆಸರು, ಸೌತೆಕಾಯಿ, ಬಸಳೆ ಪಲ್ಯ. ಮೀನುಸಾರಿಗೆ ಕಾಯಿ ಹಾಕುವುದನ್ನು ಬಿಟ್ಟೆ ಎಂದು ಒಂದು ದಿನ ಸಾವಿನ ಸುದ್ದಿ ಹೇಳುವ ಹಾಗೆ ಹೇಳಿದರು. ಅಂಕೋಲೆಯಲ್ಲಿ ಹುಟ್ಟಿ ಕಾಯಿಲ್ಲದ ಮೀನುಸಾರು ಉಣ್ಣುವುದು ಎಂದರೆ ಎಂತ ಎಂದು ನಮ್ಮ ಕಡೆಯವರಿಗೇ ಗೊತ್ತು. "ಬಿಸಿನೀರಲ್ಲಿ ಬಂಗಡೆಗೆ ಸ್ನಾನ ಮಾಡಿಸಿದ ಹಂಗಾಗ್ತದೆ ತಂಗಿ. ಪಾಪ, ಅದಕ್ಕೂ ನಾಚಿಕೆ, ನನಗೂ ನಾಚಿಕೆ."

ಹದಿನೈದು ದಿನಕ್ಕೊಮ್ಮೆ ಏನಾದರೊಂದು ನೆಪ ಮಾಡಿಕೊಂಡು ಕಾರವಾರಕ್ಕೆ ಬರುತ್ತಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಬಣ್ಣದ ದೀಪ ತಿರುಗುವ ತೂಕದ ಮಿಷನ್ ಇತ್ತು. ರೂಪಾಯಿ ಹಾಕಿದರೆ ಒಂದು ರಟ್ಟಿನ ಚೀಟಿ ಬೀಳುತ್ತಿತ್ತು. ಅದರಲ್ಲಿ ಒಂದು ಬದಿಗೆ ತೂಕ, ಇನ್ನೊಂದು ಬದಿಗೆ ಭವಿಷ್ಯ. ಅವರು ಚಪ್ಪಲಿ ಕಳಚಿ, ಚೀಲ ನನ್ನ ಕೈಗೆ ಕೊಟ್ಟು, ಬಳೆ ಕೂಡ ಬಿಚ್ಚಲೇ ಎಂದು ಯೋಚಿಸಿ, ದೇವರೆದುರು ನಿಂತ ಹಾಗೆ ಕಣ್ಣು ಮುಚ್ಚಿ ನಿಲ್ಲುವರು. ಚೀಟಿ ಓದಿ ನನಗೆ ಕೊಡುವರು. "ದೂರ ಪ್ರಯಾಣದ ಯೋಗ ಅದೆ ಅಂತೆ. ಆ ಯೋಗ ಯಾರಿಗೆ ಬೇಕಿತ್ತು? ಎರಡು ಕೇಜಿ ಇಳಿಸೂಕೆ ಆಗ್ಲಿಲ್ಲ ಈ ಮಿಷನ್ನಿಗೆ."

ಮೊದಲ ತಿಂಗಳು ಸ್ವಲ್ಪ ಇಳಿಯಿತು. ಆಮೇಲೆ ಜಪ್ಪಯ್ಯ ಅಂದರೂ ಕದಲಲಿಲ್ಲ. ಚೌತಿ ಬಂತು, ಮೋದಕ ಮುಟ್ಟದೆ ಹಬ್ಬ ಮುಗಿಸಿದರು. ಕದಲಲಿಲ್ಲ. ಅತ್ತ ತಮ್ಮನ ಮುಖ ದಿನದಿನಕ್ಕೆ ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ಭಾನುವಾರ ಮಲ್ಲಾಪುರಕ್ಕೆ ಹೋಗಿಬಂದ ಮೇಲೆ ಸೋಮವಾರವಿಡೀ ಅವರು ಮಕ್ಕಳಿಗೆ ಬೈಯುತ್ತಿರಲಿಲ್ಲ. ಅದೇ ನನಗೆ ಗುರುತು.

ಕಡೆಗೆ ನಾನೇ ಅವರನ್ನು ಕಾರವಾರದ ಆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಇನ್ನೂ ಹುಡುಗ. ದೊಡ್ಡಕ್ಕೋರು ತಿನ್ನುವುದನ್ನೆಲ್ಲ ಒಪ್ಪಿಸಿದ ಮೇಲೆ ಹೇಳಿದ: "ತಿನ್ನುವುದೆಲ್ಲ ಒಳ್ಳೇದೇ. ಆದರೆ ಒಳ್ಳೇದು ತಿಂದರಷ್ಟೇ ಸಾಲದು ಮೇಡಂ. ಎಷ್ಟು ತಿಂತೀರಿ ಅನ್ನುವುದೂ ಬೇಕು. ಮತ್ತೆ ನಡೀಬೇಕು."

ಆಗಲೇ ಅವರು ಎದ್ದು ನಿಂತು, ಮೊದಲು ನಾನು ಹೇಳಿದೆನಲ್ಲ, ಆ ಪ್ರಶ್ನೆ ಕೇಳಿದ್ದು. ಡಾಕ್ಟರ್ ಹೆದರಲಿಲ್ಲ. "ಮಧ್ಯಾಹ್ನ ಡಬ್ಬಿ ಬಿಟ್ಟು ಬೇರೆ ಏನೂ ಇಲ್ಲವೇ?" ಎಂದ.

"ಎಂತದೂ ಇಲ್ಲ."

ನಾನು ಮೆಲ್ಲಗೆ ಕೆಮ್ಮಿದೆ. "ಬಿಸಿಯೂಟ..."

"ಅದು ಡ್ಯೂಟಿ ತಂಗಿ!"

ಡಾಕ್ಟರ್ ಪೆನ್ನು ಕೆಳಗಿಟ್ಟ. "ಡ್ಯೂಟಿ ಎಷ್ಟು ದೊಡ್ಡ ತಟ್ಟೆಯಲ್ಲಿ ಮೇಡಂ?"

ಬಸ್ಸಿನಲ್ಲಿ ಶಾಲೆಗೆ ಮರಳುವಾಗ ಅರ್ಗಾ ದಾಟಿದ ಮೇಲೆ ಹೇಳಿದರು, "ಆ ತಟ್ಟೆ ಬಿಡೂಕೆ ಬರೂದಿಲ್ಲ. ನಾ ಬಿಟ್ಟ ದಿನವೇ ಮಕ್ಕಳಿಗೆ ಮತ್ತೆ ಹೊಟ್ಟೆನೋವು ಬರ್ತದೆ. ಮಾದೇವಿ ಮುಖ ಹೆಂಗೆ ನೋಡ್ಲಿ?"

ಅದಕ್ಕೆ ಅವರು ಕಂಡುಕೊಂಡ ದಾರಿ ನೋಡಿ. ಮನೆಯ ಡಬ್ಬಿ ನಿಂತಿತು. ಒಂದನೇ ಇಯತ್ತೆಯ ಮಗುವಿಗೆ ಹಾಕುವಷ್ಟೇ ಹಾಕು ಎಂದು ಮಾದೇವಿಗೆ ಹೇಳಿದರು. ಮಾದೇವಿ ಸೌಟು ಹಿಡಿದು ನಿಂತಳು. "ಇಷ್ಟೇ ಹಾಕ್ಸ್ಕಂಡ್ರೆ, ನನ್ನ ಅಡುಗೆ ನಿಮ್ಗೆ ಸೇರ್ಲಿಲ್ಲ ಅಂಬೂದಿಲ್ವಾ ಜನ?" ಅದಕ್ಕೆಂದೇ ಅವರು ಆ ಹಿಡಿ ಅನ್ನವನ್ನು ಕಡೆಯ ಮಗು ಕೈ ತೊಳೆಯುವವರೆಗೆ ಉಂಡರು. ಅಗುಳು ಅಗುಳಾಗಿ, ನಡುನಡುವೆ ಬೆರಳು ನೆಕ್ಕುತ್ತ, "ಸಾರು ಚಲೋ ಆಗದೆ ಮಾದೇವಿ" ಎಂದು ಬೇಲಿಯಾಚೆಗೂ ಕೇಳುವ ಹಾಗೆ ಹೇಳುತ್ತ. ದೂರದಿಂದ ನೋಡಿದವರಿಗೆ ಮೊದಲಿಗಿಂತ ಹೆಚ್ಚೇ ಉಣ್ಣುತ್ತಿದ್ದಾರೆ ಎನಿಸಬೇಕು.

ಇನ್ನು ಉಳಿದದ್ದು ನಡೆಯುವುದು. ಶಾಲೆ ಬಿಟ್ಟ ಮೇಲೆ ರಿಕ್ಷಾ ಹತ್ತದೆ, ಊರೊಳಗಿನ ದಾರಿ ಹಿಡಿದು, ಕಡಲ ಬದಿಗೇ ಹೋಗಿ, ಮುಂದಿನ ಸ್ಟಾಪಿನಲ್ಲಿ ಹೆದ್ದಾರಿ ಸೇರುವುದೆಂದು ತೀರ್ಮಾನವಾಯಿತು. ಜೊತೆಗೆ ನಾನು.

ನಮ್ಮ ಕಡೆ ಸುಮ್ಮನೆ ನಡೆಯುವವರು ಯಾರೂ ಇಲ್ಲ. ನಡೆಯುವುದಾದರೆ ಎಲ್ಲಿಗಾದರೂ ಹೋಗುತ್ತಿರಬೇಕು. ಮತ್ತು ಹಾದಿಯಲ್ಲಿ ಸಿಕ್ಕವರನ್ನು ಮನೆಗೆ ಕರೆದು ಆಸರಿಗೆ ಕೊಡದೆ, ಅಂದರೆ ಬಾಯಾರಿಕೆಗೆ ಏನಾದರೂ ಕುಡಿಯಲು ಕೊಡದೆ ಕಳಿಸುವುದೆಂದರೆ ಮರ್ಯಾದೆ ಕಳಕೊಂಡ ಹಾಗೆ. ಅದರ ಮೇಲೆ ಮೂವತ್ತು ವರ್ಷ ಅದೇ ಊರಿನಲ್ಲಿ ಕಲಿಸಿದ ಅಕ್ಕೋರು! ಒಂದೊಂದು ಮನೆಯಲ್ಲಿ ತಾಯಿಗೂ ಅವರೇ, ಮಗಳಿಗೂ ಅವರೇ.

"ಎಲ್ಲಿಗೆ ಹೊರಟ್ರಿ ಅಕ್ಕೋರೆ?"

"ಎಲ್ಲಿಗೂ ಇಲ್ಲ, ಸುಮ್ನೆ."

"ಸುಮ್ನೆ ಅಂದ್ರೆ? ಬನ್ನಿ ಬನ್ನಿ, ಆಸ್ರಿಗೆ ಕುಡ್ಕಂಡೇ ಹೋಗಿ."

ಮೊದಲ ಮನೆಯಲ್ಲಿ ಕೋಕಂ ಪಾನಕ. ಅದರಲ್ಲಿ ಹುಳಿಗಿಂತ ಸಕ್ಕರೆ ಹೆಚ್ಚು, ಬಂದವರು ಅಕ್ಕೋರಲ್ಲವೇ. ಎರಡನೇ ಮನೆಯಲ್ಲಿ ಬೆಲ್ಲ, ನೀರು. ಮೂರನೇ ಮನೆಯಲ್ಲಿ ಎಳನೀರು, ಒಳಗಿನ ಗಂಜಿಯನ್ನೂ ಕೆರೆದು ಬಟ್ಟಲಿನಲ್ಲಿ. "ಇದೆಲ್ಲ ಒಳ್ಳೇದೇ ಅಲ್ವಾ ತಂಗಿ?" ಎಂದು ನನ್ನ ಮುಖ ನೋಡುವರು. ಹೆದ್ದಾರಿ ಸೇರುವಾಗ ಹೊತ್ತು ಮುಳುಗಿರುತ್ತಿತ್ತು. ನಡೆದದ್ದಕ್ಕಿಂತ ಕುಳಿತದ್ದೇ ಹೆಚ್ಚು. ಆ ಸಲ ಬಸ್ ಸ್ಟ್ಯಾಂಡಿನ ಮಿಷನ್ನಿನ ಚೀಟಿ ನೋಡಿ ಅವರು ನನಗೆ ಕೊಡಲೂ ಇಲ್ಲ. ತೂಕ ಏರಿತ್ತು.

ಅವತ್ತು ಮೊದಲ ಬಾರಿಗೆ ಅವರು ಮಿಷನ್ನಿನ ಮೇಲೆ ತಮಾಷೆ ಮಾಡಲಿಲ್ಲ. "ಅವನಿಗೆ ಅಷ್ಟು ಸಮಯ ಇಲ್ಲ ತಂಗಿ."

ಮರುದಿನ ಅವರು ಗಟ್ಟಿ ಮನಸ್ಸು ಮಾಡಿದರು. ಕರೆದವರಿಗೆಲ್ಲ, "ಇವತ್ತು ಬೇಡ, ಇನ್ನೊಂದಿನ." ಎರಡನೇ ದಿನವೂ ಬೇಡ. ಮೂರನೇ ದಿನ ಶೇವಂತಿ ಪಾನಕದ ಲೋಟ ಹಿಡಿದುಕೊಂಡು ಅಂಗಳ ದಾಟಿ ದಾರಿಗೇ ಬಂದು ನಿಂತಳು.

"ಬೇಡ ಶೇವಂತಿ."

"ನಿನ್ನೆನೂ ಬೇಡ, ಮೊನ್ನೆನೂ ಬೇಡ." ಅವಳು ದನಿ ಎತ್ತಲಿಲ್ಲ, ಎತ್ತಿದ್ದರೆ ವಾಸಿಯಿತ್ತು. "ನಮ್ಮನೆ ನೀರು ಈಗ ನಿಮ್ಗೆ ಆಗೂದಿಲ್ವಾ ಅಕ್ಕೋರೆ? ಮಾದೇವಿ ಕೈ ಅನ್ನ ಎಲ್ಲರೂ ಉಣ್ಬೇಕು, ಯಾರ ಮನೆ ನೀರೂ ಮೈಲಿಗೆ ಅಲ್ಲ ಅಂತ ನಮ್ಗೆ ಕಲ್ಸಿದವ್ರು ನೀವು. ಕಲ್ಸೂದು ಊರಿಗೆ ಮಾತ್ರ ಏನು?"

ದೊಡ್ಡಕ್ಕೋರ ಮುಖ ಸುಣ್ಣದ ಹಾಗಾಯಿತು. ಆಮೇಲೆ ಶೇವಂತಿಯ ಕೈಯಿಂದ ಲೋಟ ತೆಗೆದುಕೊಂಡು, ಒಂದೇ ಗುಟುಕು ಕುಡಿದು, ಉಳಿದದ್ದನ್ನು ಅವಳ ಕೈಗೇ ಕೊಟ್ಟು, ಅವಳ ಮನೆಯ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

"ಕೂತ್ಕ ಇಲ್ಲಿ. ಹೇಳ್ತೆ."

ತಮ್ಮನ ವಿಷಯ ಹೇಳಿದರು. ತೂಕದ ವಿಷಯ ಹೇಳಿದರು. ಬಿಡಿಸಿ, ಸಣ್ಣ ಮಕ್ಕಳಿಗೆ ಲೆಕ್ಕ ಹೇಳಿದ ಹಾಗೆ. ಶೇವಂತಿ ಲೋಟ ಹಿಡಿದುಕೊಂಡೇ ಕೇಳಿದಳು. ಒಣಮೀನಿನ ಚಾಪೆಗೆ ಕಾಗೆ ಬಂದು ಕೂತರೂ ಓಡಿಸಲು ಏಳಲಿಲ್ಲ.

"ಒಂದು ಕಿಡ್ನಿ ಕೊಟ್ರೆ ನೀವು ಬದುಕ್ತ್ರಾ?" ಕಡೆಗೆ ಕೇಳಿದಳು.

"ಬದುಕ್ತೆ ಅಂತೆ."

"ಅಂತೆ ಅಲ್ಲ. ಬದುಕ್ಬೇಕು. ನನ್ನ ಮಗಳು ಇನ್ನೂ ಏಳನೇ ಇಯತ್ತೆ ಮುಗಿಸ್ಲಿಲ್ಲ." ಅಷ್ಟು ಹೇಳಿ, ಲೋಟದಲ್ಲಿ ಉಳಿದದ್ದನ್ನು ತಾನೇ ಗಟಗಟ ಕುಡಿದು ಒಳಗೆ ಹೋದಳು.

ಇನ್ನು ಊರೆಲ್ಲ ಬಂದು ಬೇಡವೆಂದು ಅಳುತ್ತದೆ ಎಂದು ನಾವಿಬ್ಬರೂ ಹೆದರಿದ್ದೆವು. ಮರುದಿನ ಸಂಜೆ ನಡೆದದ್ದು ಬೇರೆ. ಓಣಿಯ ಮೊದಲ ಮನೆಯ ಜಗುಲಿಯಲ್ಲಿ ಕೂತಿದ್ದ ಅಜ್ಜಿ ನಮ್ಮನ್ನು ಕಂಡದ್ದೇ ತಡ, ಕೋಲೂರಿ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಎರಡನೇ ಮನೆಯ ಬಾಗಿಲೂ ಮುಚ್ಚಿತು. "ಅಕ್ಕೋರು ಬಂದ್ರೂ!" ಎಂದು ಮಕ್ಕಳು ಮುಂದೆ ಮುಂದೆ ಓಡಿದವು, ಧಡಾರ್, ಧಡಾರ್ ಎಂದು ಓಣಿಯುದ್ದಕ್ಕೂ ಬಾಗಿಲುಗಳು. ಶೇವಂತಿಯ ಮನೆ ಎದುರು ಬಂದಾಗ ಕಿಟಕಿ ಒಂದು ಬೆರಳಷ್ಟು ತೆರೆಯಿತು.

"ನಿಲ್ಬೇಡಿ ಅಕ್ಕೋರೆ, ನಡೀರಿ ನಡೀರಿ! ನಾ ನಿಮ್ಮನ್ನ ಕಂಡೇ ಇಲ್ಲ!"

ದೊಡ್ಡಕ್ಕೋರು ನಿಲ್ಲಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ನಗುತ್ತ, ಆ ಮುಚ್ಚಿದ ಬಾಗಿಲುಗಳ ನಡುವೆ ಎಷ್ಟು ಜೋರಾಗಿ ನಡೆದರೆಂದರೆ ನಾನು ಹಿಂದೆ ಉಳಿದೆ. ಮನೆಗೆ ಬಂದವರನ್ನು ಹೊರಗೇ ನಿಲ್ಲಿಸುವುದನ್ನು ಆ ಊರು ಅವರಿಗಾಗಿ ಕಲಿತಿತ್ತು.

ಅಲ್ಲಿಂದ ತೂಕ ಇಳಿಯಿತು. ಬೇಗ ಅಲ್ಲ. ಬಲೆ ಹೊಲಿಯುತ್ತ ಕೂತ ಗಂಡಸರು, "ಇವತ್ತು ಬೇಗ ಬಂದ್ರಿ ಅಕ್ಕೋರೆ"ಯಿಂದ ಹಿಡಿದು, "ಮೆತ್ತಗಿನ ಮರಳಲ್ಲಿ ನಡೀರಿ, ಮೈ ಹೆಚ್ಚು ಕರಗ್ತದೆ" ಎನ್ನುವವರೆಗೆ ಒಬ್ಬೊಬ್ಬರೂ ಡಾಕ್ಟರಾದರು. ಮುಂದೆ ಬೆಳಿಗ್ಗೆಯೂ ರಿಕ್ಷಾ ಬಿಟ್ಟರು. ಕಾಯಿಲ್ಲದ ಮೀನುಸಾರು ಮುಂದುವರಿಯಿತು. ಅದನ್ನು ಬೈಯುವುದೂ ಮುಂದುವರಿಯಿತು. "ನಾ ಆಗ ಡಾಕ್ಟ್ರಿಗೆ ಸುಮ್ನೆ ಜೋರು ಮಾಡಿದೆ" ಎಂದರು ಒಂದು ದಿನ. "ಒಳ್ಳೇದು ತಿನ್ನೂದು ಅಂದ್ರೆ ಮಕ್ಕಳ ಹೆಸರು ಶಾಲೆಗೆ ಹಚ್ಚಿದ ಹಂಗೆ ತಂಗಿ. ಹಚ್ಚಿದ್ರೆ ಆಯ್ತಾ? ದಿನಾ ಬರ್ಬೇಕಲ್ಲ."

ಡಿಸೆಂಬರಿನಲ್ಲಿ ತಮ್ಮನಿಗೆ ಉಸಿರು ಕಟ್ಟಿ ಆಸ್ಪತ್ರೆಗೆ ಸೇರಿಸಿದರು. ಆಗ ಇನ್ನೂ ಮೂರು ಕಿಲೋ ಬಾಕಿ. ಆ ದಿನಗಳಲ್ಲಿ ಅವರು ನಡೆಯುತ್ತಿದ್ದದ್ದನ್ನು ನೋಡಿದರೆ ಮಾತಾಡಿಸಲು ಭಯವಾಗುತ್ತಿತ್ತು. ತಮಾಷೆ ನಿಂತಿತ್ತು. ಸಂಜೆ ಬಸ್ ಸ್ಟಾಪಿನಲ್ಲಿ ಕಾಲು ಊದಿ ಚಪ್ಪಲಿ ಹೊರಗೆ ಬರುತ್ತಿರಲಿಲ್ಲ. ಅಂತೂ ಸಂಕ್ರಾಂತಿ ಕಳೆದ ಮೇಲೆ ದೊಡ್ಡಾಸ್ಪತ್ರೆಯವರು ಮತ್ತೆ ತೂಕ, ಬೀಪಿ, ರಕ್ತ ಎಲ್ಲ ನೋಡಿ, ಆಗಬಹುದು ಎಂದರು.

ಹೋಗುವ ಮುಂಚಿನ ದಿನ ಶಾಲೆಯ ಬೀಗದ ಕೈ ನನಗೆ ಕೊಟ್ಟರು. "ಜಗುಲಿ ಮೇಲೆ ಕೂತು ಉಣ್ಣು. ತಟ್ಟೆ ತುಂಬ ಹಾಕಿಸ್ಕ, ನಿನಗೆ ಇಳಿಸೂದು ಎಂತದೂ ಇಲ್ಲ." ಹೊರಟವರು ತಿರುಗಿ ಹೇಳಿದರು, "ಕೂಡ್ಸಿದ ಮೇಲೆ ಅದು ಹಿಡೀತೋ ಇಲ್ವೋ ಅಂತ ಅವನಿಗೆ ಮೂತ್ರ ಬಂದ್ರೇ ಗೊತ್ತಾಗೂದಂತೆ. ಬರ್ಲಿಲ್ಲ ಅಂದ್ರೆ..."

ಆಪರೇಷನ್ನಿನ ದಿನ ನಾನು ಪಾಠ ಮಾಡಿದೆನೋ ಇಲ್ಲವೋ ನೆನಪಿಲ್ಲ. ಮೊಬೈಲು ಮೇಜಿನ ಮೇಲಿತ್ತು. ಆ ಕಾಲದಲ್ಲಿ ನಮ್ಮ ಶಾಲೆಯ ಹತ್ತಿರ ಸಿಗ್ನಲ್ ಸಿಗುವುದೂ ಒಂದು ಪುಣ್ಯ. ಮಧ್ಯಾಹ್ನ ಜಗುಲಿಯಲ್ಲಿ ಮಣೆ ಹಾಕಿ ಕುಳಿತೆ. ಮಾದೇವಿ ತಟ್ಟೆ ತುಂಬ ಬಡಿಸಿದಳು. ಕಲಸಿದೆ, ತುತ್ತು ಬಾಯಿಗೆ ಹೋಗಲಿಲ್ಲ. ಬೇಲಿಯ ಆಚೆ ಹೆಂಗಸರು ಒಬ್ಬೊಬ್ಬರಾಗಿ ಬಂದು ನಿಂತರು. ಒಬ್ಬಳು ಕೋಳಿ ಹುಡುಕಲು ಬಂದವಳು, ಒಬ್ಬಳು ಸೌದೆ ಹೆಕ್ಕಲು. ಶೇವಂತಿ ಮಾತ್ರ ಯಾವ ನೆಪವನ್ನೂ ಹುಡುಕದೆ ಬೇಲಿಗೂಟ ಹಿಡಿದು ನಿಂತಿದ್ದಳು.

ಫೋನು ಬಂತು. ತಮ್ಮನ ಹೆಂಡತಿ. "ಬಂತು ಅಕ್ಕೋರೆ. ಕೂಡ್ಸಿದ ಹಂಗೇ ಬಂತಂತೆ. ಚೀಲ ತುಂಬ್ತಾ ಅದೆ."

"ದೊಡ್ಡಕ್ಕೋರು?"

"ಎಚ್ಚರ ಆಗದೆ. ಕಣ್ಣು ಬಿಟ್ಟವರೇ ಅದನ್ನೇ ಕೇಳಿದ್ರು. ಬಂತಾ, ಬಂತಾ ಅಂತ."

ಮಾದೇವಿ ಸೌಟು ಹಿಡಿದು ಎದುರಿಗೇ ನಿಂತಿದ್ದಳು. "ಎಂತ ಆಯ್ತು? ಹೇಳಿ!"

"ಮೂತ್ರ ಬಂತಂತೆ" ಎಂದೆ.

ಮಾದೇವಿ ಬೇಲಿಯ ಕಡೆ ತಿರುಗಿ, ಸೌಟು ಎತ್ತಿ, ಗಂಟಲು ಹರಿಯುವ ಹಾಗೆ ಕೂಗಿದಳು: "ಶೇವಂತೀ! ಅಕ್ಕೋರ ತಮ್ಮಗೆ ಉಚ್ಚೆ ಬಂತಂತೇ!"

ಸಾಲಿನಲ್ಲಿ ಕೂತ ಮಕ್ಕಳು ಹೋ ಎಂದು ನಕ್ಕವು. ಬೇಲಿಯಾಚೆ ಹೆಂಗಸರು ನಗುತ್ತಿದ್ದರೋ ಅಳುತ್ತಿದ್ದರೋ, ಶೇವಂತಿ ಆಗಲೇ ಓಣಿಯ ಕಡೆ ಓಡುತ್ತಿದ್ದಳು. ಒಂದು ಮನೆಯಿಂದ ಇನ್ನೊಂದು ಮನೆಗೆ, ಅಲ್ಲಿಂದ ಕಡಲ ಬದಿಗೆ, ಆ ಮಾತು ಹೋಗುವುದು ನನಗೆ ಕೇಳಿಸುತ್ತಲೇ ಇತ್ತು. ಬಂತಂತೆ, ಬಂತಂತೆ. ಊರಿಗೆ ಊರೇ ಒಬ್ಬ ಮನುಷ್ಯನ ಉಚ್ಚೆಯ ಸುದ್ದಿಯನ್ನು ಗಂಡುಮಗು ಹುಟ್ಟಿದ ಹಾಗೆ ಹೊತ್ತುಕೊಂಡು ತಿರುಗಿತು. ಮಾದೇವಿ ಸೆರಗಿನಿಂದ ಮುಖ ಒರೆಸಿಕೊಂಡು ಬಂದು, "ಇನ್ನಾದ್ರೂ ಉಣ್ಣಿ" ಎಂದು ನನ್ನ ತಟ್ಟೆಗೆ ಮತ್ತೊಂದು ಸೌಟು ಬಿಸಿ ಸಾರು ಹಾಕಿದಳು. ಉಂಡೆ. ಕಡೆಯ ಅಗುಳಿನವರೆಗೂ ಉಂಡೆ.